ಜ್ವರ ಬಿಟ್ಟಿತು, ಕಣ್ಣು ಮಂಜಾಯಿತು: ಉಣುಗಿನ ಹಳೆಯ ಕಥೆ

ಗೋವಿನಕೋವಿ ಕಡೆ ಉಣುಗು ಅಂದರೆ ಮೊದಲು ನೆನಪಾಗುವುದು ಕೊಟ್ಟಿಗೆಯ ದನ, ಆಮೇಲೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಬಂದಾಗ ನಮ್ಮ ಹೊನ್ನಾಳಿ ಸೀಮೆಯೂ ಅದೇ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ.

ಮಂಗನ ಕಾಯಿಲೆ ವೈರಸ್‌ನಿಂದ ಬರುತ್ತದೆ. ಆದರೆ ಉಣುಗು ಬ್ಯಾಕ್ಟೀರಿಯಾವನ್ನೂ ಹೊತ್ತು ತರುತ್ತದೆ. ಇದು ಪತ್ತೆಯಾದದ್ದು ಅದಕ್ಕೂ ಐವತ್ತು ವರ್ಷ ಮೊದಲು. 1906ರಲ್ಲಿ ಅಮೆರಿಕದ ಹೋವರ್ಡ್ ರಿಕೆಟ್ಸ್ ಎಂಬ ವಿಜ್ಞಾನಿ, ಗುಡ್ಡಗಾಡಿನ ಒಂದು ಮಾರಕ ಜ್ವರ ಉಣುಗಿನಿಂದ ಹರಡುತ್ತದೆ ಎಂದು ತೋರಿಸಿದರು. ಇಂಥದೇ ಸೋಂಕಿನ ಅಧ್ಯಯನದಲ್ಲಿದ್ದಾಗ ಟೈಫಸ್ ತಗುಲಿ 1910ರಲ್ಲಿ ತೀರಿಕೊಂಡರು. ಆ ಜಾತಿಯ ಬ್ಯಾಕ್ಟೀರಿಯಾಕ್ಕೆ ಅವರದೇ ಹೆಸರು: ರಿಕೆಟ್ಸಿಯಾ. 1921ರಲ್ಲಿ ಮೆಗಾ ಎಂಬ ವೈದ್ಯರು, ಭಾರತದಲ್ಲೂ ಉಣುಗಿನಿಂದ ಇಂಥ ಜ್ವರ ಬರುತ್ತಿರಬಹುದು ಎಂದು ಬರೆದರು.

ಈ ಬ್ಯಾಕ್ಟೀರಿಯಾ ರಕ್ತನಾಳದ ಒಳಪದರಕ್ಕೇ ಕೈ ಹಾಕುತ್ತದೆ. ಕಣ್ಣಿನ ಹಿಂಭಾಗದ ರೆಟಿನಾ ತುಂಬ ಸಣ್ಣ ರಕ್ತನಾಳಗಳಿವೆ. ಹಾಗಾಗಿ ಜ್ವರ ಬಿಟ್ಟು ಎರಡು, ಮೂರು, ನಾಲ್ಕು ವಾರವಾದ ಮೇಲೆ ಕೆಲವರಿಗೆ ದೃಷ್ಟಿ ಮಂಜಾಗುತ್ತದೆ, ಕಣ್ಣೆದುರು ಕಪ್ಪು ಕಲೆ ನಿಲ್ಲುತ್ತದೆ. ಕಣ್ಣು ಕೆಂಪಾಗಲೇಬೇಕೆಂದಿಲ್ಲ, ನೋವೂ ಇರಬೇಕೆಂದಿಲ್ಲ. ಬೆಂಗಳೂರಿನ ಕಣ್ಣಿನ ವೈದ್ಯರು ಇಂಥ ಅನೇಕ ರೋಗಿಗಳನ್ನು ಕಂಡು ವರದಿ ಮಾಡಿದ್ದಾರೆ. ಡೆಂಗಿ, ಚಿಕೂನ್‌ಗುನ್ಯಾ, ಟೈಫಾಯ್ಡ್ ನಂತರವೂ ಹೀಗಾಗಬಹುದು.

ಉಣುಗಿನ ಇನ್ನೊಂದು ಬ್ಯಾಕ್ಟೀರಿಯಾ ಲೈಮ್ ರೋಗದ್ದು. 1981ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಅದನ್ನು ಅಮೆರಿಕದಲ್ಲಿ ಗುರುತಿಸಿದರು. ಅದು ನಮಗೆ ದೂರದ ಮಾತು ಅಂದುಕೊಂಡಿದ್ದೆವು. ಆಮೇಲೆ ನಾಗರಹೊಳೆ, ಬಂಡೀಪುರ ಕಾಡಿನಲ್ಲಿ ದುಡಿಯುವ ಕೆಲವರ ರಕ್ತದಲ್ಲೂ ಆ ಸೋಂಕಿನ ಗುರುತು ಸಿಕ್ಕಿತು. ಅದೂ ಕಣ್ಣಿನ ಒಳಗೆ ಉರಿಯೂತ ತರಬಲ್ಲದು.

ತೊಂದರೆ ಆಗುವುದು ಇಲ್ಲೇ: ಜ್ವರಕ್ಕೆ ಒಬ್ಬ ಡಾಕ್ಟರು, ಕಣ್ಣಿಗೆ ಇನ್ನೊಬ್ಬರು. ನಡುವೆ ಉಣುಗಿನ ಮಾತನ್ನು ಯಾರೂ ಎತ್ತುವುದಿಲ್ಲ. ವಯಸ್ಸಾಯ್ತು, ಪೊರೆ ಬಂದಿದೆ ಅಂತ ಮನೆಯಲ್ಲೇ ತೀರ್ಮಾನವಾಗುತ್ತದೆ. ಬೇಗ ಗೊತ್ತಾದರೆ ಡಾಕ್ಸಿಸೈಕ್ಲಿನ್‌ನಂಥ ಸಾಮಾನ್ಯ ಮಾತ್ರೆಯೇ ಈ ಬ್ಯಾಕ್ಟೀರಿಯಾಕ್ಕೆ ಮದ್ದು. ಡಾಕ್ಟರು ಬರೆದುಕೊಟ್ಟರೆ ಮಾತ್ರ ನುಂಗಿ.

ಮೈಗೆ ಉಣುಗು ಕಚ್ಚಿದ್ದರೆ ಬೀಡಿಯಿಂದ ಸುಡಬೇಡಿ, ಉಗುರಲ್ಲಿ ಹಿಸುಕಬೇಡಿ. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಜ್ವರ ಬಂದು ಹೋದ ತಿಂಗಳೊಳಗೆ ದೃಷ್ಟಿ ಮಂಜಾದರೆ ಕಣ್ಣಿನ ಡಾಕ್ಟರಿಗೆ ಎರಡೂ ಮಾತು ಹೇಳಿ: ಜ್ವರ ಬಂದಿತ್ತು, ಉಣುಗು ಕಚ್ಚಿತ್ತು.