ಟರ್ಬೈನ್ ಕಾರು: ರಸ್ತೆ ಒಪ್ಪದ ಎಂಜಿನ್

ಇಂಡಿಯಿಂದ ಸಿಂದಗಿಗೆ, ಅಲ್ಲಿಂದ ತಾಳಿಕೋಟೆಯ ಮೇಲೆ ಮುದ್ದೇಬಿಹಾಳಕ್ಕೆ, ಮತ್ತೆ ಬಸವನ ಬಾಗೇವಾಡಿಗೆ ನೀವು ಓಡಾಡಿರುತ್ತೀರಿ. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬರುತ್ತದೆ, ಕುರಿಹಿಂಡು ದಾಟುತ್ತದೆ, ಊರು ಬಂದೊಡನೆ ರಸ್ತೆ ಉಬ್ಬು ಎದುರಾಗುತ್ತದೆ. ಚಾಲಕ ಬ್ರೇಕ್ ತುಳಿಯುತ್ತಾನೆ, ಗೇರ್ ಇಳಿಸುತ್ತಾನೆ, ಮತ್ತೆ ವೇಗ ಏರಿಸುತ್ತಾನೆ. ಈ ಪ್ರಯಾಣವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮೋಟಾರು ಲೋಕದ ಒಂದು ದೊಡ್ಡ ಕನಸು ಏಕೆ ಕೈಗೂಡಲಿಲ್ಲ ಎಂಬುದಕ್ಕೆ ಉತ್ತರ ಇದರಲ್ಲೇ ಇದೆ.

ಆ ಕನಸೇ ಟರ್ಬೈನ್ ಕಾರು. ಸಾಮಾನ್ಯ ಕಾರಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಆಡುತ್ತದೆ. ಆ ಚಲನೆಯನ್ನು ತಿರುಗುವ ಚಲನೆಯಾಗಿ ಮಾರ್ಪಡಿಸಬೇಕು. ಅನಿಲ ಟರ್ಬೈನಿಗೆ ಈ ತಾಪತ್ರಯವಿಲ್ಲ. ಅದು ಗಾಳಿಯನ್ನು ಒಳಗೆಳೆದು ಒತ್ತುತ್ತದೆ. ಆ ಗಾಳಿಯಲ್ಲಿ ಇಂಧನ ಎಡೆಬಿಡದೆ ಉರಿಯುತ್ತದೆ. ಬಿಸಿ ಅನಿಲ ರಭಸದಿಂದ ಹೊರನುಗ್ಗುವಾಗ ಅಲಗುಗಳ ಚಕ್ರವನ್ನು ತಿರುಗಿಸುತ್ತದೆ. ಜಾತ್ರೆಯಲ್ಲಿ ಮಾರುವ ಕಾಗದದ ಗಾಳಿಚಕ್ರವನ್ನು ನೆನೆಸಿಕೊಂಡರೆ ತತ್ತ್ವ ಅರ್ಥವಾದೀತು.

ಇಂಗ್ಲೆಂಡಿನ ಫ್ರಾಂಕ್ ವಿಟ್ಲ್ 1930ರಲ್ಲಿ ಜೆಟ್ ಎಂಜಿನ್ನಿಗೆ ಪೇಟೆಂಟ್ ಕೋರಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ವಿಮಾನಕ್ಕೆ ಒದಗಿದ ಶಕ್ತಿ ಕಾರಿಗೇಕೆ ಬೇಡ ಎಂದು ತಂತ್ರಜ್ಞರು ಯೋಚಿಸಿದರು. 1950ರ ಮಾರ್ಚ್‌ನಲ್ಲಿ ರೋವರ್ ಕಂಪನಿ 'ಜೆಟ್ 1' ಎಂಬ ಕಾರನ್ನು ಓಡಿಸಿ ತೋರಿಸಿತು. 1952ರಲ್ಲಿ ಅದು ಬೆಲ್ಜಿಯಂನ ಹೆದ್ದಾರಿಯೊಂದರಲ್ಲಿ ಗಂಟೆಗೆ ಸುಮಾರು 245 ಕಿ.ಮೀ. ವೇಗ ಮುಟ್ಟಿತು. ಆದರೆ ಲೀಟರಿಗೆ ಅದು ಓಡುತ್ತಿದ್ದುದು ಹೆಚ್ಚುಕಡಿಮೆ ಎರಡು ಕಿ.ಮೀ. ಮಾತ್ರ!

ಈ ಕನಸನ್ನು ಜನಸಾಮಾನ್ಯರ ಮನೆ ಬಾಗಿಲಿಗೆ ತಂದದ್ದು ಅಮೆರಿಕದ ಕ್ರೈಸ್ಲರ್. ಇಟಲಿಯ ಘಿಯಾ ಸಂಸ್ಥೆ ತಯಾರಿಸಿದ ಬಾಡಿಯಲ್ಲಿ ತನ್ನ ಟರ್ಬೈನ್ ಕೂರಿಸಿ, ಮಾದರಿಗಳೂ ಸೇರಿ 55 ಕಾರುಗಳನ್ನು ಅದು ಕಟ್ಟಿತು. 1963ರಿಂದ 1966ರವರೆಗೆ 203 ಮಂದಿಗೆ ಸರದಿಯಂತೆ ಮೂರು ಮೂರು ತಿಂಗಳು ಓಡಿಸಲು ಕೊಟ್ಟಿತು. ಅವರೆಲ್ಲ ಸೇರಿ 16 ಲಕ್ಷ ಕಿ.ಮೀ.ಗಿಂತ ಹೆಚ್ಚು ಓಡಿಸಿದರು.

ಬಳಸಿದವರು ಮರುಳಾದದ್ದು ಸಹಜವೇ. ಎಂಜಿನ್ನಿನಲ್ಲಿ ನಡುಕವಿಲ್ಲ, ವಿಮಾನದಂಥ ಸಿಳ್ಳು. ಚಲಿಸುವ ಭಾಗಗಳು ಪಿಸ್ಟನ್ ಎಂಜಿನ್ನಿನ ಐದನೇ ಒಂದು ಪಾಲು. ನೀರು ತುಂಬುವ ರೇಡಿಯೇಟರ್ ಬೇಕಿಲ್ಲ. ಡೀಸೆಲ್ ಆಗಲಿ ಸೀಮೆಎಣ್ಣೆಯಾಗಲಿ ನಡೆದೀತು; ನಮ್ಮ ಶೇಂಗಾ ಎಣ್ಣೆಯಿಂದಲೂ ಓಡೀತು. ಮೆಕ್ಸಿಕೋದಲ್ಲಿ ಅಲ್ಲಿನ ಟಕೀಲಾ ಮದ್ಯವನ್ನೇ ಸುರಿದು ಓಡಿಸಿ ತೋರಿಸಿದರು. 1967ರ ಇಂಡಿಯಾನಾಪೊಲಿಸ್ ಪಂದ್ಯದಲ್ಲಿ ಪಾರ್ನೆಲಿ ಜೋನ್ಸ್ ಎಂಬ ಚಾಲಕ ಟರ್ಬೈನ್ ಕಾರಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಓಡುತ್ತಿದ್ದ. 200 ಸುತ್ತುಗಳಲ್ಲಿ ಇನ್ನು ಮೂರೇ ಸುತ್ತು ಉಳಿದಿದ್ದಾಗ ಗೇರ್ ಪೆಟ್ಟಿಗೆಯ ಒಂದು ಬೇರಿಂಗ್ ಮುರಿಯಿತು. ಟರ್ಬೈನಿಗೆ ಏನೂ ಆಗಿರಲಿಲ್ಲ!

ಹಾಗಾದರೆ ಸೋಲಿಗೆ ಕಾರಣವೇನು? ಟರ್ಬೈನಿಗೆ ಒಂದೇ ಸಮನೆ ದುಡಿಯುವುದು ಇಷ್ಟ. ಕ್ರೈಸ್ಲರ್ ಎಂಜಿನ್ನಿನ ಮುಖ್ಯ ಚಕ್ರ ಕಾರು ನಿಂತಿದ್ದಾಗಲೂ ನಿಮಿಷಕ್ಕೆ ಸುಮಾರು 20,000 ಸುತ್ತು ತಿರುಗುತ್ತಲೇ ಇರುತ್ತಿತ್ತು, ಇಂಧನ ಕುಡಿಯುತ್ತಲೇ ಇರುತ್ತಿತ್ತು. ಕುರಿಹಿಂಡಿನ ಮುಂದೆ ನಿಂತ ಕಾರಿಗೆ ಇದು ದಂಡದ ಖರ್ಚು. ಪೆಡಲ್ ತುಳಿದರೆ ವೇಗ ಏರಲು ಒಂದೆರಡು ಕ್ಷಣ ಕಾಯಬೇಕು. ಅತಿಯಾದ ಶಾಖ ತಾಳುವ ಮಿಶ್ರಲೋಹಗಳು ದುಬಾರಿ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸುವುದೂ ಕಷ್ಟವಾಯಿತು. ಇನ್ನೊಂದು ಮಾತು: ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ, ಟರ್ಬೈನಿನ ಬಲ ಕುಗ್ಗುತ್ತದೆ. ಸಿಂದಗಿಯ ಏಪ್ರಿಲ್ ಬಿಸಿಲಿನಲ್ಲಿ ಅದರ ಗತಿ ಏನಾಗುತ್ತಿತ್ತು, ಊಹಿಸಿಕೊಳ್ಳಿ.

ಪ್ರಯೋಗ ಮುಗಿದ ಮೇಲೆ ಕ್ರೈಸ್ಲರ್ 46 ಕಾರುಗಳನ್ನು ನಾಶಮಾಡಿಸಿತು. ಉಳಿದವು ಒಂಬತ್ತು. ಹೆಚ್ಚಿನವು ವಸ್ತುಸಂಗ್ರಹಾಲಯ ಸೇರಿದವು; ಒಂದನ್ನು ಟಿ.ವಿ. ನಿರೂಪಕ ಜೇ ಲೆನೋ ಕೊಂಡು ಓಡಿಸುತ್ತ ಬಂದರು. ಇಂದಿಗೂ ಅಭಿಮಾನಿಗಳು ಆ ಸಿಳ್ಳು ಕೇಳಲು ಹಂಬಲಿಸುತ್ತಾರೆ.

ಟರ್ಬೈನ್ ನಮಗೆ ಹೊರಗಿನದಲ್ಲ. ಬೆಂಗಳೂರಿನ ಎಚ್.ಎ.ಎಲ್. ತನ್ನ ಎಂಜಿನ್ ವಿಭಾಗದಲ್ಲಿ ನ್ಯಾಟ್ ಮತ್ತು ಮಾರುತ್ ವಿಮಾನಗಳಿಗೆ ಆರ್ಫಿಯಸ್ ಎಂಜಿನ್ ತಯಾರಿಸಿತು. ಟಾಟಾ ಒಡೆತನದ ಜಾಗ್ವಾರ್ 2010ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದ ಮಾದರಿ ಕಾರೊಂದರಲ್ಲಿ ಎರಡು ಪುಟ್ಟ ಟರ್ಬೈನುಗಳಿದ್ದವು. ಅವುಗಳ ಕೆಲಸ ಗಾಲಿ ತಿರುಗಿಸುವುದಲ್ಲ, ಬ್ಯಾಟರಿ ತುಂಬುವುದು. ಎಂದರೆ ಸಮಗತಿಯ ಕೆಲಸ. ಯೋಜನೆ 2012ರಲ್ಲಿ ನಿಂತರೂ ಆಲೋಚನೆ ಸರಿಯಾಗಿತ್ತು.

ಸಮಗತಿಯ ಕೆಲಸ ನೋಡಬೇಕಾದರೆ ನೀವು ದೂರ ಹೋಗಬೇಕಿಲ್ಲ. ಆಲಮಟ್ಟಿಯಲ್ಲಿ ಕೃಷ್ಣೆಯ ನೀರು ಆರು ಟರ್ಬೈನುಗಳನ್ನು ತಿರುಗಿಸಿ 290 ಮೆಗಾವಾಟ್‌ವರೆಗೆ ವಿದ್ಯುತ್ ಕೊಡಬಲ್ಲದು. ಕೂಡಗಿಯಲ್ಲಿ ಉಗಿಯಿಂದ ತಿರುಗುವ, ತಲಾ 800 ಮೆಗಾವಾಟ್‌ನ ಮೂರು ಘಟಕಗಳಿವೆ. ನೀರು, ಉಗಿ, ಬಿಸಿ ಅನಿಲ: ತಳ್ಳುವ ವಸ್ತು ಬೇರೆ, ತಿರುಗುವ ತತ್ತ್ವ ಒಂದೇ. ಅಲ್ಲಿ ಕುರಿಹಿಂಡು ಅಡ್ಡ ಬರುವುದಿಲ್ಲ.

ವಿಜ್ಞಾನ ಓದುತ್ತಿರುವ ನಿಮ್ಮ ಮನೆಯ ಮಕ್ಕಳಿಗೆ ಈ ಕಥೆ ಹೇಳಿ. ಯಂತ್ರವೊಂದು ಸೋತಿತು ಎಂದು ಕೇಳಿದಾಗ, ಅದಕ್ಕೆ ಕೊಟ್ಟ ಕೆಲಸ ಯಾವುದಾಗಿತ್ತು ಎಂದು ಅವರು ಮೊದಲು ವಿಚಾರಿಸಲಿ.