ಸುಟ್ಟ ಕೂದಲ ವಾಸನೆ, ಸುಡದ ಬೆಳಕು

ಕನ್ನಡಕ ಬಿಡಲು ಲೇಸರ್ ಮಾಡಿಸಿಕೊಂಡವರನ್ನು ಕೇಳಿ ನೋಡಿ. ನೋವಿನ ಮಾತಿಗಿಂತ ಮೊದಲು ಬರುವುದು ವಾಸನೆಯ ಮಾತು: ಕೂದಲು ಸುಟ್ಟ ಹಾಗಿತ್ತಂತೆ. ಕಣ್ಣೇ ಸುಡುತ್ತಿದೆಯೇನೋ ಎಂದು ಎದೆ ಧಸಕ್ಕೆನ್ನುವುದೂ ಆಗಲೇ. ಆದರೆ ಸುಡದಿರುವುದೇ ಈ ಚಿಕಿತ್ಸೆಯ ಗುಟ್ಟು.

ಕನ್ನಡಕ ಬಿಡಿಸುವ ಸಾಹಸ ಲೇಸರಿಗಿಂತ ಹಳೆಯದು. ಕೊಲಂಬಿಯಾದ ಬೊಗೊಟಾದಲ್ಲಿ ಹೋಸೆ ಇಗ್ನಾಸಿಯೊ ಬರಾಕೆರ್ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದಿಂದ ತೆಳು ಬಿಲ್ಲೆಯೊಂದನ್ನು ಕೊಯ್ದು, ಹೆಪ್ಪುಗಟ್ಟಿಸಿ, ಲೇತ್ ಯಂತ್ರದಲ್ಲಿ ಕಡೆದು, ಮತ್ತೆ ಕಣ್ಣಿಗೇ ಹೊಲಿಯುತ್ತಿದ್ದರು. 1970ರ ದಶಕದಲ್ಲಿ ಮಾಸ್ಕೋದ ಸ್ವ್ಯಾತೊಸ್ಲಾವ್ ಫ್ಯೊದೊರೊವ್ ಬಂಡಿಚಕ್ರದ ಅರಗಳಂತೆ ಗೀರು ಹಾಕುವ ವಿಧಾನವನ್ನು ಬಳಕೆಗೆ ತಂದರು. ಗೀರು ಬಿದ್ದ ಎಷ್ಟೋ ಕಣ್ಣುಗಳು ವರ್ಷಗಳು ಕಳೆದಂತೆ ಪ್ಲಸ್ ನಂಬರಿನ ಕಡೆ ಜಾರಿದವು.

ತಿರುವು ಸಿಕ್ಕಿದ್ದು ಆಸ್ಪತ್ರೆಯಲ್ಲಲ್ಲ, ಕಂಪ್ಯೂಟರ್ ಕಂಪನಿಯಲ್ಲಿ. 1981ರ ನವೆಂಬರಿನಲ್ಲಿ ಐಬಿಎಂನ ವಿಜ್ಞಾನಿ, ಮದರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಪ್ರಯೋಗಾಲಯಕ್ಕೆ ತಂದು ಎಕ್ಸೈಮರ್ ಲೇಸರಿಗೆ ಒಡ್ಡಿದರು. 193 ನ್ಯಾನೊಮೀಟರಿನ ಆ ನೇರಳಾತೀತ ಬೆಳಕು ಅಕ್ಕಪಕ್ಕ ಕರಕಲು ಮಾಡಲಿಲ್ಲ. ಅಣುಗಳ ಬೆಸುಗೆ ಬಿಡಿಸಿ, ಬೆಳಕು ಬಿದ್ದಷ್ಟನ್ನೇ ಹಾರಿಸಿಬಿಟ್ಟಿತು. ಚಿಕಿತ್ಸೆಯ ಮೇಜಿನ ಮೇಲೆ ಮೂಗಿಗೆ ಬಡಿಯುವುದು ಹಾಗೆ ಹಾರಿದ ಕಣಗಳ ವಾಸನೆಯೇ. 1983ರಲ್ಲಿ ಕಣ್ಣಿನ ವೈದ್ಯ ಸ್ಟೀಫನ್ ಟ್ರೊಕೆಲ್ ಶ್ರೀನಿವಾಸನ್ ಜೊತೆಗೂಡಿ ಇದನ್ನು ಕಾರ್ನಿಯಾದ ಮೇಲೆ ಪ್ರಯೋಗಿಸಿದರು.

ಮೊದಲು ಬಂದದ್ದು ಪಿಆರ್‌ಕೆ. ಕಾರ್ನಿಯಾದ ಹೊರಪದರ ಕೆರೆದು ಲೇಸರ್ ಬಿಡುವ ಈ ಕ್ರಮದಲ್ಲಿ ಪದರ ಮತ್ತೆ ಬೆಳೆಯುವವರೆಗೆ ಮೂರ್ನಾಲ್ಕು ದಿನ ಉರಿ, ನೀರು. ಅದನ್ನು ತಪ್ಪಿಸಲು ಗ್ರೀಸಿನ ಕ್ರೀಟ್ ದ್ವೀಪದ ಇಯೊನಿಸ್ ಪಲ್ಲಿಕಾರಿಸ್ ಪುಸ್ತಕದ ಹಾಳೆಯಂತೆ ಒಂದು ಪದರವನ್ನು ಎತ್ತಿ, ಕೆಳಗೆ ಕೆತ್ತಿ, ಮತ್ತೆ ಮುಚ್ಚಿದರು. ಅದೇ ಲ್ಯಾಸಿಕ್. ಇಂದಿಗೂ ಕ್ರಮ ಹೆಚ್ಚುಕಡಿಮೆ ಇದೇ: ಮರಗಟ್ಟಿಸುವ ಹನಿ, ರೆಪ್ಪೆ ಮುಚ್ಚದಂತೆ ಕ್ಲಿಪ್ಪು, ಕಣ್ಣನ್ನು ಹಿಡಿದಿಡುವ ಬಳೆ. ಬಳೆ ಒತ್ತಿದಾಗ ಕೆಲವು ಕ್ಷಣ ಕಣ್ಣು ಕತ್ತಲಿಡಬಹುದು. ಮುಂಚೆಯೇ ಹೇಳಿದ್ದರೆ ಯಾರೂ ಹೆದರುವುದಿಲ್ಲ. ಆಮೇಲೆ ಮಿನುಗುವ ದೀಪವನ್ನೇ ನೋಡುತ್ತಿರಬೇಕು. ಕಣ್ಣು ಚೂರು ಅಲುಗಿದರೆ ಯಂತ್ರವೇ ಹಿಂಬಾಲಿಸುತ್ತದೆ, ಹೆಚ್ಚು ಅಲುಗಿದರೆ ನಿಲ್ಲುತ್ತದೆ. ಲೇಸರ್ ಕೆಲಸ ಸಾಮಾನ್ಯವಾಗಿ ಒಂದು ನಿಮಿಷವೂ ಇಲ್ಲ. ವಾರಗಟ್ಟಲೆ ಉಳಿಯುವುದು ಕಣ್ಣಿನ ಒಣಗುವಿಕೆ, ರಾತ್ರಿ ದೀಪಗಳ ಸುತ್ತ ಪ್ರಭಾವಳಿ.

ಪದರ ಎತ್ತುವ ಬ್ಲೇಡಿನ ಜಾಗಕ್ಕೆ ಫೆಮ್ಟೊಸೆಕೆಂಡ್ ಲೇಸರ್ ಬಂತು. ಆಮೇಲೆ ಜರ್ಮನಿಯಲ್ಲಿ ರೂಪುಗೊಂಡ ಸ್ಮೈಲ್ ಪದರದ ಗೊಡವೆಯನ್ನೇ ಬಿಟ್ಟಿತು: ಒಳಗೇ ಒಂದು ಪುಟ್ಟ ಮಸೂರ ಕೊರೆದು, ಕೆಲವೇ ಮಿಲಿಮೀಟರಿನ ಸೀಳಿನಿಂದ ಹೊರಗೆಳೆಯುವುದು. ಇಲ್ಲಿ ಎಕ್ಸೈಮರ್ ಇಲ್ಲ, ವಾಸನೆಯೂ ಇಲ್ಲ.

ಜಾಹೀರಾತುಗಳು ಯಂತ್ರದ ಹೆಸರು ಕೂಗುತ್ತವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅಳತೆಯ ಕೋಣೆ. ಕಾರ್ನಿಯಾದ ಮಧ್ಯದ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಲ್ಯಾಸಿಕ್‌ನಲ್ಲಿ ಕೆತ್ತಿದ ಮೇಲೂ ತಳದಲ್ಲಿ ಕನಿಷ್ಠ 250 ಮೈಕ್ರಾನ್ ಉಳಿಯಬೇಕೆಂಬುದು ರೂಢಿಯ ಲೆಕ್ಕ. ಕಾರ್ನಿಯಾ ಶಂಕುವಿನಂತೆ ಉಬ್ಬುವ ಕೆರಟೊಕೋನಸ್‌ನ ಸುಳಿವಿದ್ದರೆ ‘ನಿಮಗೆ ಆಗೋದಿಲ್ಲ’ ಎಂದು ಕಳಿಸುವ ವೈದ್ಯರೇ ಒಳ್ಳೆಯವರು. ಚಾಳೀಸಿನ ಮಾತನ್ನೂ ಅಲ್ಲೇ ಕೇಳಿಕೊಳ್ಳಬೇಕು. ದೂರದ ನಂಬರು ಪೂರ್ತಿ ಹೋದವರಿಗೂ ನಲವತ್ತು ದಾಟಿದ ಮೇಲೆ ಓದುವ ಕನ್ನಡಕ ಬರುತ್ತದೆ. ಗಡುಸಾಗುವುದು ಒಳಗಿನ ಮಸೂರ, ಲೇಸರ್ ಮುಟ್ಟಿದ್ದು ಹೊರಗಿನ ಕಾರ್ನಿಯಾ.