ಬಸ್ಸು ಮನೆಯಾದ ಬಗೆ

ವ್ಯಾಕರಣದ ಪಾಠ ಹೇಳುವವನಿಗೆ ಬೀದಿಯಲ್ಲಿ ಹೋಗುವ ಬಸ್ಸೂ ವ್ಯಾಕರಣದ ಉದಾಹರಣೆಯಾಗಿ ಕಾಣುವುದುಂಟು. ‘ಬಸ್ಸು’ ಎಂಬ ಮಾತನ್ನೇ ನೋಡಿ. ಅದು ಲ್ಯಾಟಿನ್ ಭಾಷೆಯ ‘ಆಮ್ನಿಬಸ್’ ಎಂಬ ಪದದ ಬಾಲ. ಆಮ್ನಿಬಸ್ ಎಂದರೆ ‘ಎಲ್ಲರಿಗೆ’. ಚತುರ್ಥೀ ವಿಭಕ್ತಿ, ಬಹುವಚನ. ಜನರ ಬಾಯಲ್ಲಿ ಸವೆದು ಸವೆದು ‘ಎಲ್ಲರು’ ಎಂಬ ಪ್ರಕೃತಿ ಉದುರಿಹೋಯಿತು. ವಿಭಕ್ತಿ ಪ್ರತ್ಯಯದ ತುಂಡೊಂದೇ ಉಳಿಯಿತು. ನಾವು ದಿನವೂ ಹತ್ತಿ ಇಳಿಯುವುದು ಬರಿಯ ಒಂದು ‘ಗೆ’ಯನ್ನು ಎಂದರೆ ತರಗತಿಯ ಹುಡುಗರು ನಗುತ್ತಾರೆ.

ಈ ವ್ಯಾಕರಣ ಈಗೇಕೆ ನೆನಪಾಯಿತೆಂದರೆ, ಹೋದ ವರ್ಷ ನನಗೊಂದು ಹುಚ್ಚು ಹತ್ತಿತು. ಹಳೆಯ ಬಸ್ಸೊಂದನ್ನು ಕೊಂಡು, ಒಳಗೆ ಹಾಸಿಗೆ, ಒಲೆ, ನೀರು ಎಲ್ಲವನ್ನೂ ಅಳವಡಿಸಿ ನಡೆದಾಡುವ ಮನೆಯನ್ನಾಗಿ ಮಾಡಬೇಕೆಂಬ ಹುಚ್ಚು. ಕಾರಣ ದೊಡ್ಡದೇನಲ್ಲ. ನನ್ನ ತಂದೆಯವರು ಮೂವತ್ತು ವರ್ಷಕ್ಕೂ ಮಿಕ್ಕಿ ಬಸ್ಸು ನಡೆಸಿದವರು. ಊರ ಜನರನ್ನೆಲ್ಲ ಜಾತ್ರೆಗೆ, ಮದುವೆಗೆ, ಆಸ್ಪತ್ರೆಗೆ ಮುಟ್ಟಿಸಿದರು. ನಮ್ಮ ತಾಯಿಯನ್ನು ಮಾತ್ರ ಒಂದು ಪ್ರವಾಸಕ್ಕೂ ಕರೆದುಕೊಂಡು ಹೋಗಲಾಗಲಿಲ್ಲ. ಹಬ್ಬದ ದಿನಗಳಲ್ಲೇ ಅಲ್ಲವೆ ಡ್ರೈವರನಿಗೆ ಹೆಚ್ಚಿನ ಕೆಲಸ? ಈಗ ಅವರಿಗೆ ಬಿಡುವುಂಟು. ತಾಯಿಗೆ ಮಂಡಿ ನೋವು. ಹೋಟೆಲಿನ ಮೆಟ್ಟಿಲು ಹತ್ತಲಾರರು, ಹೊರಗಿನ ಊಟ ಒಗ್ಗದು. ಮನೆಯೇ ಜೊತೆಗೆ ಬಂದರೆ ಈ ತೊಡಕೆಲ್ಲ ಕಳೆಯುವುದೆಂದು ನಾನೆಣಿಸಿದೆ. ತಂದೆಯವರಿಗೆ ಹೇಳಿದಾಗ ಅವರು ಹಿಗ್ಗಲಿಲ್ಲ. “ಖಾಲಿ ಬಸ್ಸು ಬಹಳ ಕುಲುಕುತ್ತೆ ಕಣಪ್ಪ” ಎಂದಷ್ಟೇ ಹೇಳಿ ಪತ್ರಿಕೆ ತಿರುವಿದರು.

ಆ ಮಾತನ್ನು ಆಗ ನಾನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಮೇಷ್ಟರ ಅಭ್ಯಾಸದಂತೆ ಮೊದಲು ಪುಸ್ತಕಗಳ ಕಡೆಗೆ ಹೋದೆ. ಬಸ್ಸು ಮನೆಯಾದದ್ದು ಹೇಗೆ, ಯಾರಿಗಾಗಿ ಎಂಬುದನ್ನು ಹುಡುಕುತ್ತ ಹೋದಂತೆ ಇದೊಂದು ಸ್ವಾರಸ್ಯವಾದ ಚರಿತ್ರೆಯೆಂದು ತಿಳಿಯಿತು.

ಬಸ್ಸಿನ ಹುಟ್ಟು ಕುದುರೆಗಳ ಕಾಲದ್ದು. ಫ್ರಾನ್ಸಿನ ನಾಂತ್ ನಗರದಲ್ಲಿ ೧೮೨೦ರ ದಶಕದಲ್ಲಿ ಓಡಿದ ‘ಆಮ್ನಿಬಸ್’ ೧೮೨೮ರಲ್ಲಿ ಪ್ಯಾರಿಸ್ಸಿಗೆ ಬಂತು. ಮರುವರ್ಷ ಜುಲೈ ೪ರಂದು ಜಾರ್ಜ್ ಶಿಲಿಬಿಯರ್ ಎಂಬ ಬಂಡಿ ತಯಾರಕ ಲಂಡನ್ನಿನ ಪ್ಯಾಡಿಂಗ್ಟನ್ನಿನಿಂದ ಬ್ಯಾಂಕಿನವರೆಗೆ ಮೂರು ಕುದುರೆಗಳ ಬಂಡಿಯೊಂದನ್ನು ಓಡಿಸಿದ. ಇಪ್ಪತ್ತೆರಡು ಜನರಿಗೆ ಜಾಗ, ಮುಂಗಡವಾಗಿ ಹೇಳಿಡಬೇಕಾಗಿರಲಿಲ್ಲ, ಕಾಸು ಕೊಟ್ಟವರೆಲ್ಲ ಹತ್ತಬಹುದು. ಗುರುತಿಲ್ಲದ ಇಬ್ಬರು ಒಂದೇ ಬೆಂಚಿನ ಮೇಲೆ ಮಂಡಿಗೆ ಮಂಡಿ ತಾಗಿಸಿ ಕೂರುವುದು ಅಂದಿನ ಲಂಡನ್ನಿಗೆ ಹೊಸ ಅನುಭವ. ಪಾಪ, ಶಿಲಿಬಿಯರ್ ಪೈಪೋಟಿಯಲ್ಲಿ ಸೋತು ದಿವಾಳಿಯಾದ. ಕೊನೆಗೆ ಶವಸಂಸ್ಕಾರದ ವ್ಯವಸ್ಥೆಯನ್ನು ಉದ್ಯೋಗ ಮಾಡಿಕೊಂಡು, ಶವವನ್ನೂ ಬಂಧುಗಳನ್ನೂ ಒಟ್ಟಿಗೆ ಒಯ್ಯುವ ಬಂಡಿಯನ್ನು ತಯಾರಿಸಿದ. ಎಲ್ಲರಿಗೂ ಎಂದು ಹೊರಟವನು ಕಡೆಗೂ ಎಲ್ಲರನ್ನೂ ಬಿಡಲಿಲ್ಲ!

ಇನ್ನು ಮನೆಯ ಮಾತು. ಮನೆಮಾರುಗಳನ್ನು ಜೊತೆಗೊಯ್ಯುವುದು ನಮ್ಮ ದೇಶಕ್ಕೆ ಹೊಸದಲ್ಲ. ‘ಕ್ಯಾರವಾನ್’ ಎಂಬ ಪದ ಪರ್ಷಿಯದ ‘ಕಾರವಾನ್’ನಿಂದ ಬಂದದ್ದು, ನಮ್ಮ ಪ್ರಾಚೀನರು ಅದನ್ನೇ ‘ಸಾರ್ಥ’ ಎಂದರು, ಅದರ ನಾಯಕನನ್ನು ‘ಸಾರ್ಥವಾಹ’ ಎಂದರು. ಸಾವಿರಾರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಹೆಂಡಿರು ಮಕ್ಕಳೊಡನೆ ದಖ್ಖನ್ನನ್ನು ಅಳೆದ ಲಂಬಾಣಿಗಳ ತಾಂಡಾ ಅಂಥದೇ ಒಂದು ಸಾರ್ಥ. ರಸ್ತೆ, ರೈಲುಗಳು ಬಂದ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಅವರ ಆ ವೃತ್ತಿ ಕುಸಿಯಿತು.

ಯೂರೋಪಿನಲ್ಲಿ ಚಲಿಸುವ ಮನೆಯೆಂದೊಡನೆ ನೆನಪಾಗುವವರು ರೋಮಾ ಜನ. ಹೊರಗಿನವರು ಇಟ್ಟ ಹೆಸರು ಜಿಪ್ಸಿಗಳು. ಅವರ ನುಡಿಗೂ ಉತ್ತರ ಭಾರತದ ನುಡಿಗಳಿಗೂ ಇರುವ ನಂಟನ್ನು ೧೭೮೨ರಲ್ಲಿ ಜರ್ಮನಿಯ ರ‍್ಯೂಡಿಗರ್ ಎಂಬ ವಿದ್ವಾಂಸ ತೋರಿಸಿಕೊಟ್ಟ. ಅವರಿಗೆ ನೀರು ಇಂದಿಗೂ ‘ಪಾನಿ’, ಮೂಗು ‘ನಾಕ್’. ಆದರೆ ಇಂಗ್ಲೆಂಡಿನ ರೋಮಾಗಳು ಬಣ್ಣಬಣ್ಣದ ಮರದ ಬಂಡಿಯಲ್ಲಿ ಮಲಗತೊಡಗಿದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. ಅಲ್ಲಿಯವರೆಗೆ ಗುಡಾರವೇ ಗತಿ.

ಅವರ ಬಂಡಿಯನ್ನು ಕಂಡು ಮನಸೋತವನು ಗಾರ್ಡನ್ ಸ್ಟೇಬಲ್ಸ್. ನೌಕಾಪಡೆಯ ವೈದ್ಯನಾಗಿದ್ದು ಆಮೇಲೆ ಹುಡುಗರ ಕಥೆಗಳನ್ನು ಬರೆದು ಹೆಸರಾದ ಸ್ಕಾಟ್ಲೆಂಡಿನವನು. ೧೮೮೫ರಲ್ಲಿ ಬ್ರಿಸ್ಟಲ್ಲಿನ ವ್ಯಾಗನ್ ಕಾರ್ಖಾನೆಯಲ್ಲಿ ಮಹಾಗನಿ ಮರದ, ಎರಡು ಟನ್ ತೂಕದ ಮನೆಬಂಡಿಯೊಂದನ್ನು ಕಟ್ಟಿಸಿ ‘ವಾಂಡರರ್’ ಎಂದು ಹೆಸರಿಟ್ಟ. ಎರಡು ಕುದುರೆ, ಒಬ್ಬ ಸಾರಥಿ, ಒಬ್ಬ ಪರಿಚಾರಕ, ಒಂದು ನಾಯಿ, ಒಂದು ಗಿಳಿ. ಈ ಪರಿವಾರದೊಡನೆ ಲಂಡನ್ನಿಗೆ ಪಶ್ಚಿಮದ ಟ್ವೈಫರ್ಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಪಯಣ. ಇಕ್ಕಟ್ಟಾದ ದಾರಿಗಳಲ್ಲಿ ಪರಿಚಾರಕ ಮೂರು ಗಾಲಿಯ ಸೈಕಲ್ಲಿನಲ್ಲಿ ಮುಂದೆ ಹೋಗಿ ಎದುರು ಬರುವವರನ್ನು ಎಚ್ಚರಿಸುತ್ತಿದ್ದನಂತೆ. ತನ್ನನ್ನು ‘ಸಭ್ಯ ಜಿಪ್ಸಿ’ ಎಂದು ಕರೆದುಕೊಂಡ ಈತ ೧೮೮೬ರಲ್ಲಿ ಈ ಪ್ರವಾಸದ ಪುಸ್ತಕ ಪ್ರಕಟಿಸಿದ. ಬೇರೆಯವರಿಗೆ ಬದುಕಾಗಿದ್ದದ್ದು ಇಲ್ಲಿ ವಿಹಾರವಾಯಿತು. ಜಿಪ್ಸಿಯನ್ನು ಊರ ಹೊರಕ್ಕಟ್ಟುತ್ತಿದ್ದ ಸಮಾಜ ಸಭ್ಯ ಜಿಪ್ಸಿಗೆ ಹೂ ಕೊಟ್ಟು ಸ್ವಾಗತಿಸಿದರೆ ಆಶ್ಚರ್ಯವೇನು?

ಮೋಟಾರು ಬಂದ ಮೇಲೆ ಬಸ್ಸಿಗೂ ಮನೆಗೂ ನಂಟು ಬೆಳೆಯಿತು. ಅಮೆರಿಕದ ರೋಲೆಂಡ್ ಕಾಂಕ್ಲಿನ್ ಬಸ್ಸು ತಯಾರಿಸುವ ಕಂಪನಿಯೊಂದರ ಅಧ್ಯಕ್ಷ. ೧೯೧೫ರಲ್ಲಿ ಆತ ಇಪ್ಪತ್ತೈದು ಅಡಿ ಉದ್ದದ, ಎಂಟು ಟನ್ ತೂಕದ ಮೋಟಾರು ಮನೆ ಕಟ್ಟಿಸಿ, ಕುಟುಂಬದೊಡನೆ ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡಿನಿಂದ ಸ್ಯಾನ್ ಫ್ರಾನ್ಸಿಸ್ಕೋದವರೆಗೆ ಹೋದ. ಅಡಿಗೆಮನೆಯೂ ಇತ್ತು, ಮಾಡಿನ ಮೇಲೊಂದು ತೋಟವೂ ಇತ್ತು.

ಇದು ಉಳ್ಳವರ ಕಥೆ. ಇಲ್ಲದವರದು ಬೇರೆ. ಮೊದಲ ಮಹಾಯುದ್ಧ ಮುಗಿದಾಗ ಇಂಗ್ಲೆಂಡಿನಲ್ಲಿ ಮನೆಗಳ ಅಭಾವ. ಜನ ರೈಲು ಕಂಪನಿಗಳು ಕಳಚಿದ ಡಬ್ಬಿಗಳನ್ನು, ಮುದಿ ಬಸ್ಸುಗಳ ಮೈಗಳನ್ನು ಕೊಂಡು ಬಯಲಿನಲ್ಲಿ ನಿಲ್ಲಿಸಿಕೊಂಡರು. ಕಿಟಕಿಗೆ ಪರದೆ ಕಟ್ಟಿ ಸಂಸಾರ ಹೂಡಿದರು. ದಕ್ಷಿಣ ತೀರದ ಶೋರಮ್ಮಿನಲ್ಲಿ ರೈಲು ಡಬ್ಬಿಗಳಿಂದಾದ ಒಂದು ಊರೇ ಇತ್ತು. ಎರಡನೆಯ ಯುದ್ಧದ ತರುವಾಯವೂ ಇದೇ ಪಾಡು. ೧೯೫೯ರಲ್ಲಿ ಸರ್ ಆರ್ಟನ್ ವಿಲ್ಸನ್ ಸಿದ್ಧಪಡಿಸಿದ ವರದಿಯಂತೆ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಸುಮಾರು ಒಂದೂವರೆ ಲಕ್ಷ ಜನ ಕ್ಯಾರವಾನುಗಳಲ್ಲೇ ವಾಸವಾಗಿದ್ದರು. ಹೀಗೆ ಗಾಲಿಯ ಮನೆಗೆ ಇಬ್ಬರು ತಾಯಂದಿರು: ಮನೆ ಸಾಕಾದವರ ಬಯಕೆ ಒಬ್ಬಳು, ಮನೆಯಿಲ್ಲದವರ ಕೊರತೆ ಇನ್ನೊಬ್ಬಳು. ಒಂದೇ ಹಳೆಯ ಬಸ್ಸು ಇಬ್ಬರ ಕೈಗೂ ಕೂಸಾಗಬಲ್ಲುದು.

೧೯೫೭ರಿಂದ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಈ ಚರಿತ್ರೆ ಹೊಸ ತಿರುವು ಪಡೆಯಿತು. ಆ ವರ್ಷದ ಏಪ್ರಿಲ್ ೧೫ರಂದು ಗ್ಯಾರೋ-ಫಿಷರ್ ಎಂಬುವನ ‘ಇಂಡಿಯಾಮನ್’ ಬಸ್ಸು ಇಪ್ಪತ್ತು ಜನರನ್ನು ಹತ್ತಿಸಿಕೊಂಡು ಲಂಡನ್ನಿನಿಂದ ಹೊರಟು ಜೂನ್ ೫ರಂದು ಕಲ್ಕತ್ತೆ ಸೇರಿತು. ಹೋಗುವ ದರ ಎಂಬತ್ತೈದು ಪೌಂಡು. ೧೯೬೩ರಲ್ಲಿ ಬಂದ ‘ಸಮ್ಮರ್ ಹಾಲಿಡೇ’ ಚಿತ್ರದಲ್ಲಿ ಲಂಡನ್ನಿನ ಬಸ್ ಮೆಕ್ಯಾನಿಕ್ಕುಗಳು ಡಬಲ್ ಡೆಕ್ಕರೊಂದನ್ನು ಮನೆಯಾಗಿಸಿ ಅಥೆನ್ಸಿಗೆ ಹೋಗುತ್ತಾರೆ. ಮರುವರ್ಷ ಅಮೆರಿಕದ ಕಾದಂಬರಿಕಾರ ಕೆನ್ ಕೀಸಿ ೧೯೩೯ರ ಮಾದರಿಯ ಶಾಲಾ ಬಸ್ಸೊಂದನ್ನು ಕೊಂಡ. ಅದರ ಹಿಂದಿನ ಒಡೆಯ ತನ್ನ ತುಂಬು ಸಂಸಾರಕ್ಕಾಗಿ ಆಗಲೇ ಮಲಗುವ ಹಲಗೆಗಳನ್ನು ಜೋಡಿಸಿದ್ದ. ಕೀಸಿಯ ಗೆಳೆಯರು ಅದಕ್ಕೆ ಕಣ್ಣು ಕೋರೈಸುವ ಬಣ್ಣ ಬಳಿದು, ‘ಫರ್ದರ್’ ಎಂಬ ಹೆಸರನ್ನು ಕಾಗುಣಿತ ತಪ್ಪಿಯೇ ಬರೆದು, ಕ್ಯಾಲಿಫೋರ್ನಿಯದಿಂದ ನ್ಯೂಯಾರ್ಕಿಗೆ ಓಡಿಸಿದರು. ಮಾದಕದ್ರವ್ಯದ ಅಮಲೂ ಆ ಪಯಣದಲ್ಲಿತ್ತೆಂಬುದನ್ನು ಮರೆಮಾಚಬೇಕಿಲ್ಲ. ಆ ಬಸ್ಸು ಮಾತ್ರ ಒಂದು ತಲೆಮಾರಿನ ಲಾಂಛನವಾಯಿತು.

೧೯೬೮ರಲ್ಲಿ ಸಿಡ್ನಿಯಿಂದ ಲಂಡನ್ನಿಗೆ ‘ಆಲ್ಬರ್ಟ್’ ಎಂಬ ಹಳೆಯ ಡಬಲ್ ಡೆಕ್ಕರ್ ಹೊರಟಿತು. ೧೩೨ ದಿನಗಳ ಪಯಣ. ಒಳಗೇ ಅಡಿಗೆ, ಊಟ, ನಿದ್ದೆ. ಆಮೇಲೆ ಅದು ಲಂಡನ್-ಕಲ್ಕತ್ತೆಯ ನಡುವೆ ಅನೇಕ ಸಲ ಓಡಾಡಿತು. ೧೯೭೯ರಲ್ಲಿ ಇರಾನಿನ ಕ್ರಾಂತಿ, ಆಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ ಇವೆರಡೂ ಸೇರಿ ಆ ಭೂಮಾರ್ಗವನ್ನೇ ಮುಚ್ಚಿದವು.

ಇಷ್ಟು ಓದಿಕೊಂಡ ಮೇಲೆ ನನ್ನ ಹುಚ್ಚು ಇಮ್ಮಡಿಯಾಯಿತು. ಕಾನೂನನ್ನೂ ವಿಚಾರಿಸಿದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ ವಾಹನವನ್ನು ಮನಬಂದಂತೆ ಮಾರ್ಪಡಿಸುವ ಹಾಗಿಲ್ಲ. ಗರಗಸ ಹಿಡಿಯುವ ಮೊದಲು ನೋಂದಣಿ ಕಚೇರಿಯ ಬಾಗಿಲು ತಟ್ಟಬೇಕು. ತೂಕದ ಲೆಕ್ಕ ಹಾಕಿದೆ. ಒಬ್ಬ ಪ್ರಯಾಣಿಕನಿಗೆ ೬೮ ಕಿಲೋ ಎಂದು ಹಿಡಿದರೆ ಐವತ್ತು ಜನರ ಬಸ್ಸು ೩,೪೦೦ ಕಿಲೋ ಹೊರಬಲ್ಲುದು. ಇನ್ನೂರು ಲೀಟರ್ ನೀರಿಗೆ ಇನ್ನೂರು ಕಿಲೋ. ಮಂಚ, ಒಲೆ, ಪಾತ್ರೆ ಎಲ್ಲ ಸೇರಿದರೂ ಹೊರೆ ಅರ್ಧವಾಗದು. ಇದನ್ನು ನಾನು ಹೆಮ್ಮೆಯಿಂದ ತಂದೆಯವರ ಮುಂದಿಟ್ಟೆ.

“ಅದೇ ಮತ್ತೆ ನಾನು ಹೇಳಿದ್ದು” ಎಂದರು ಅವರು. “ಐವತ್ತು ಜನಕ್ಕೆ ಅಂತ ಹಾಕಿರೋ ಸ್ಪ್ರಿಂಗ್ ಪಟ್ಟಿ. ಭಾರ ಬಿದ್ದರೆ ಬಗ್ಗುತ್ತೆ, ಸುಖವಾಗಿರುತ್ತೆ. ಖಾಲಿ ಇದ್ದರೆ ಬಗ್ಗೋದೇ ಇಲ್ಲ; ಹಳ್ಳ ಸಿಕ್ಕಿದ ಕಡೆ ಎತ್ತಿ ಎಸೆಯುತ್ತೆ. ನಿಮ್ಮಮ್ಮನ ಮಂಡಿಗೆ ಅದು ಆಗುತ್ತಾ?”

ಆದರೂ ಊರ ಹೊರಗಿನ ಗ್ಯಾರೇಜಿನಲ್ಲಿ ಮಾರಾಟಕ್ಕೆ ನಿಂತಿದ್ದ ಒಂದು ಶಾಲಾ ಬಸ್ಸನ್ನು ನೋಡಲು ನನ್ನ ಜೊತೆ ಬಂದರು. ಹೊಸ ಬಣ್ಣ ಹೊಡೆದು ಮದುವಣಗಿತ್ತಿಯಂತೆ ನಿಲ್ಲಿಸಿದ್ದರು. ನಾನು ಒಳಗೆ ನಿಂತು ಅಡಿಗೆಯ ಜಾಗ ಅಳೆಯುತ್ತಿದ್ದೆ. ಅವರು ನೆಲದ ಮೇಲೊಂದು ಗೋಣಿ ಹಾಸಿ, ಬೆನ್ನ ಮೇಲೆ ಮಲಗಿ ಕೆಳಗೆ ಸರಿದು ಸ್ಪ್ಯಾನರಿನಿಂದ ಚಾಸಿಯನ್ನು ಅಲ್ಲಲ್ಲಿ ತಟ್ಟಿದರು. ಮುಂದೆ ಗಂಟೆಯಂತೆ ಕೇಳಿದ ಸದ್ದು ಹಿಂದಕ್ಕೆ ಬಂದಂತೆ ಮಂಕಾಯಿತು. ಎದ್ದು ಬಂದು ತುಕ್ಕಿನ ಪುಡಿಯನ್ನು ಅಂಗೈಯಲ್ಲಿ ತೋರಿಸಿ, “ಮೈಗೆ ಬಣ್ಣ ಇದೆ, ಮೂಳೆ ಹೋಗಿದೆ” ಎಂದರು. ವ್ಯಾಪಾರ ಅಲ್ಲಿಗೇ ಮುಗಿಯಿತು.

ಹಿಂತಿರುಗುವಾಗ ಊರಿನ ಬಸ್ಸನ್ನೇ ಹಿಡಿದೆವು; ಸಂತೆಯ ದಿನ, ಕಾಲಿಡಲು ಜಾಗವಿಲ್ಲ. ಯಾರೋ ತಂದೆಯವರ ಗುರುತು ಹಿಡಿದು ಎದ್ದು ಸೀಟು ಬಿಟ್ಟುಕೊಟ್ಟರು. ಕುಳಿತ ಮೇಲೆ ಅವರು ನನ್ನ ಕಡೆ ಬಗ್ಗಿ, “ಒಳ್ಳೆ ಚಾಸಿಯದು ಸಿಕ್ಕರೆ ನೋಡು. ಆದರೆ ಸೀಟೆಲ್ಲ ಕೀಳಿಸಬೇಡ. ಹನ್ನೆರಡು ಸೀಟಾದರೂ ಇರಲಿ. ನಿಮ್ಮ ದೊಡ್ಡಮ್ಮ, ಅತ್ತೆ, ಪಕ್ಕದ ಮನೆಯವರು, ಯಾರೂ ಎಲ್ಲಿಗೂ ಹೋಗಿಲ್ಲ” ಎಂದರು.

ಶಿಲಿಬಿಯರನ ಹೆಸರನ್ನು ಅವರು ಕೇಳಿದವರಲ್ಲ. ಉದುರಿಹೋದ ಪ್ರಕೃತಿಯನ್ನು ಮಾತ್ರ ತಂದು ಪ್ರತ್ಯಯಕ್ಕೆ ಸೇರಿಸಿದ್ದರು. ನಾನೀಗ ಬಸ್ಸು ಹುಡುಕುತ್ತಿದ್ದೇನೆ. ಹನ್ನೆರಡು ಸೀಟು, ಎರಡು ಮಂಚ, ಒಂದು ಒಲೆ. ತಾಯಿಯವರು ಹೊರಡುವವರ ಪಟ್ಟಿ ಬರೆಸುತ್ತಿದ್ದಾರೆ. ಅದು ಆಗಲೇ ಹದಿನಾಲ್ಕಕ್ಕೆ ಏರಿದೆ.